ಜಪಾನಿನ ಬೀಗತನ

ಮದುವೆಯೆಂದರೆ ಇಬ್ಬರು ಒಪ್ಪಿ ಕೈಹಿಡಿಯುವ ಕೆಲಸವೆಂದು ಪ್ರಾಯದವರು ತಿಳಿಯುತ್ತಾರೆ. ಎರಡು ಮನೆತನಗಳು ಕೂಡುವ ಕೆಲಸವೆಂದು ಹಿರಿಯರು ಹೇಳುತ್ತಾರೆ. ಎರಡು ಮಾತಿನಲ್ಲಿಯೂ ನಿಜವಿದೆ. ಆದರೆ ಇವರಾರೂ ಎಣಿಕೆಗೆ ಹಿಡಿಯದ ಮೂರನೆಯ ಬೀಗನೊಬ್ಬನಿದ್ದಾನೆ. ಅವನೇ ಸರಕಾರ. ಒಂದೇ ಸೀಮೆಯ ಲಗ್ನದಲ್ಲಿ ಅವನು ಚಪ್ಪರದ ಹೊರಗೆ ಸುಮ್ಮನೆ ಕುಳಿತಿರುತ್ತಾನೆ. ಗಂಡು ಒಂದು ದೇಶದವನು, ಹೆಣ್ಣು ಇನ್ನೊಂದು ದೇಶದವಳು ಎಂದಾಗ ಮಾತ್ರ ಎದ್ದು ಬಂದು ಮಂಟಪದ ನಡುವೆಯೇ ನಿಲ್ಲುತ್ತಾನೆ. ಆಗ ಅವನು ಕೇಳುವ ಪ್ರಶ್ನೆಗಳು ಪುರೋಹಿತರ ಪ್ರಶ್ನೆಗಳಿಗಿಂತ ಹೆಚ್ಚು.

ಗಂಗಾವಳಿಗೂ ಅಘನಾಶಿನಿಗೂ ನಡುವಣ ನಮ್ಮ ಹಿರೇಗುತ್ತಿಯ ಕಡೆ ಹಿಂದಿನವರಿಗೆ ಹೊಳೆಯಾಚೆ ಹೆಣ್ಣು ಕೊಡುವುದೇ ದೂರದ ಸಂಬಂಧವಾಗಿತ್ತು. ಸೇತುವೆಯಿಲ್ಲದ ಕಾಲದಲ್ಲಿ ತಾರಿ ದಾಟಬೇಕು. ಮಳೆ ಹಿಡಿದರೆ ತವರಿನ ದಾರಿ ಕಟ್ಟಿದಂತೆಯೇ. ಇಂದು ಇದೇ ಸೀಮೆಯ ಮಕ್ಕಳು ಸಿಂಗಾಪುರ, ದುಬಾಯಿ, ಅಮೇರಿಕಗಳಲ್ಲಿ ದುಡಿಯುತ್ತಾರೆ. ಅಲ್ಲಿಯೇ ಕೆಲಸಕ್ಕೆ ಬಂದ ಜಪಾನಿನ ಹುಡುಗಿಯನ್ನೋ ಹುಡುಗನನ್ನೋ ಮೆಚ್ಚಿ ಮದುವೆಯಾಗುವುದು ಈಗ ಕಥೆಯ ಮಾತಲ್ಲ. ಗಂಡು ಹೆಣ್ಣು ಇಬ್ಬರೂ ತಂತಮ್ಮ ದೇಶದಲ್ಲಿಲ್ಲ. ಇಬ್ಬರೂ ಮೂರನೆಯ ನೆಲದಲ್ಲಿ ಬಾಡಿಗೆಗೆ ಇರುವವರು. ಇಂಥ ಒಂದು ಸಂಬಂಧದ ಸುದ್ದಿ ಬಂದಾಗ ಊರಿನ ಹಿರಿಯರೊಬ್ಬರು, “ತಮಾ, ಆ ಹುಡುಗಿ ಇನ್ನು ನಮ್ಮ ದೇಶದವಳಾದ್ಲಾ, ಇಲ್ಲಾ ನಮ್ಮ ಹುಡುಗನೇ ಅವರ ದೇಶದವನಾದ್ನಾ?” ಎಂದು ನನ್ನನ್ನು ಕೇಳಿದ್ದುಂಟು. ಇಂದಿನ ಉತ್ತರ, ಎರಡೂ ಅಲ್ಲ. ಆದರೆ ನೂರು ವರ್ಷದ ಹಿಂದೆ ಇದೇ ಪ್ರಶ್ನೆಗೆ ಬೇರೆಯೇ ಉತ್ತರವಿತ್ತು. ಆ ಉತ್ತರ ಹೇಗೆ ಬದಲಾಯಿತೆಂಬುದು ತಿಳಿದುಕೊಳ್ಳತಕ್ಕ ಚರಿತ್ರೆ.

ಜಪಾನು ನಮ್ಮ ಕರಾವಳಿಗೆ ತೀರ ಅಪರಿಚಿತ ದೇಶವೇನಲ್ಲ. ಕಾರವಾರದ ನೆರೆಯ ಗೋವೆಯಲ್ಲಿ 1548ರಲ್ಲಿಯೇ ಆಂಜಿರೊ ಎಂಬ ಜಪಾನೀಯನು ಕ್ರೈಸ್ತ ದೀಕ್ಷೆ ಪಡೆದನು. 1893ರಲ್ಲಿ ಜಪಾನಿನ ನಿಪ್ಪೋನ್ ಯೂಸೆನ್ ಕಂಪನಿ ಮುಂಬಯಿಯಿಂದ ಹತ್ತಿ ಸಾಗಿಸುವುದಕ್ಕಾಗಿ ಹಡಗಿನ ದಾರಿ ತೆರೆಯಿತು. ಆ ದೇಶದವರು ದೂರ ಸಮುದ್ರದಲ್ಲಿ ನಡೆಸಿದ ಮೊದಲ ನೇರ ಹಡಗಿನ ಸೇವೆ ಅದೇ. ಹಿಂದುಸ್ಥಾನದ ವರ್ತಕರೂ ಯೊಕೊಹಾಮಾ, ಕೋಬೆ ಬಂದರುಗಳಲ್ಲಿ ಅಂಗಡಿ ತೆರೆದಿದ್ದರು. 1898ರಲ್ಲಿ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಅಲ್ಲಿಯ ಉದ್ಯಮಗಳನ್ನು ಕಣ್ಣಾರೆ ಕಂಡು ಬಂದರು. ಅದೇ ಕಾಲಕ್ಕೆ ಜಮ್‌ಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆಯ ತೋಟ ಹಾಕಿ ಜಪಾನಿನ ತಜ್ಞರನ್ನು ಕರೆಸಿಕೊಂಡರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ. ವ್ಯಾಪಾರ, ಕಲಿಕೆ, ಹೋಗಿ ಬರುವುದು ಎಲ್ಲವೂ ಇದ್ದವು. ಬೀಗತನ ಮಾತ್ರ ಸುಲಭವಿರಲಿಲ್ಲ.

ಇದರ ಕಾರಣ ಜಪಾನಿನ ಮನೆತನದ ದಫ್ತರದಲ್ಲಿದೆ. ಅದಕ್ಕೆ ‘ಕೊಸೆಕಿ’ ಎಂದು ಹೆಸರು. ಜಪಾನಿನಲ್ಲಿ ಹುಟ್ಟು, ಮದುವೆ, ದತ್ತಕ, ಸಾವು ಇವೆಲ್ಲವನ್ನೂ ಮನೆತನದ ಒಂದು ಹಾಳೆಯ ಮೇಲೆ ಬರೆಯುತ್ತಾರೆ. ಆ ಹಾಳೆಯಲ್ಲಿ ಹೆಸರಿದ್ದವನು ಜಪಾನೀಯ, ಇಲ್ಲದವನು ಪರದೇಶಿ. 1873ರಲ್ಲಿ ಅಲ್ಲಿಯ ಸರಕಾರ ಒಂದು ಘೋಷಣೆ ಹೊರಡಿಸಿ, ಅಪ್ಪಣೆ ಪಡೆದು ಪರದೇಶಿಯರನ್ನು ಮದುವೆಯಾಗಬಹುದೆಂದು ಹೇಳಿತು. ಅದರ ನಿಯಮಗಳು ಮೂರೇ ಮಾತಿನಲ್ಲಿ ಮುಗಿಯುತ್ತವೆ. ಜಪಾನೀಯನನ್ನು ವರಿಸಿದ ಪರದೇಶದ ಹೆಣ್ಣು ಜಪಾನಿನವಳಾಗುತ್ತಾಳೆ. ಪರದೇಶಿಯನ್ನು ವರಿಸಿದ ಜಪಾನಿನ ಹೆಣ್ಣು ಜಪಾನಿನವಳಾಗಿ ಉಳಿಯುವುದಿಲ್ಲ. ಪರದೇಶದ ಗಂಡಸು ಜಪಾನಿನ ಮನೆಗೆ ದತ್ತು ಅಳಿಯನಾಗಿ ಬಂದರೆ ಅವನೂ ಜಪಾನಿನವನೇ.

ನಮ್ಮ ಓದುಗರಿಗೆ ಇದು ವಿಚಿತ್ರವೆನಿಸಲಾರದು. ಧಾರೆಯಾದೊಡನೆ ಹೆಣ್ಣಿಗೆ ತವರಿನ ಗೋತ್ರ ಕಳೆದು ಗಂಡನ ಗೋತ್ರ ಬರುತ್ತದೆಂದು ನಾವೂ ನಂಬಿಕೊಂಡು ಬಂದವರೇ. ಗಂಡು ಸಂತಾನವಿಲ್ಲದ ಮನೆಗೆ ಮನೆಯಳಿಯನನ್ನು ತಂದುಕೊಳ್ಳುವುದು ನಮ್ಮಲ್ಲಿಯೂ ಉಂಟು. ಆದರೆ ಇದೇ ಕರಾವಳಿಯಲ್ಲಿ ಇನ್ನಷ್ಟು ತೆಂಕಕ್ಕೆ ಹೋದರೆ ತುಳುನಾಡಿನ ಅಳಿಯಸಂತಾನ ಎದುರಾಗುತ್ತದೆ. ಅಲ್ಲಿ ಮಕ್ಕಳು ತಾಯಿಯ ಮನೆತನದವರು. ಕುಮಟೆಯಲ್ಲಿ ಪ್ರಕೃತಿನಿಯಮವೆಂದು ಕಾಣುವುದು ಉಡುಪಿಯಲ್ಲಿ ತಲೆಕೆಳಗು. ಹೆಣ್ಣು ಯಾರಿಗೆ ಸೇರಿದವಳು, ಮಗು ಯಾರದು ಎಂಬುದನ್ನು ದೇವರು ಬರೆದಿಟ್ಟಿಲ್ಲ, ಜನರು ಬರೆದುಕೊಂಡಿದ್ದಾರೆ ಎಂಬುದು ನಮ್ಮ ಕರಾವಳಿಯವರಿಗೆ ಗೊತ್ತಿರುವಷ್ಟು ಇತರರಿಗೆ ಗೊತ್ತಿರಲಾರದು. ಜನರು ಬರೆದದ್ದನ್ನು ಜನರೇ ತಿದ್ದಬಹುದು. ಆದರೆ ತಿದ್ದುವವರೆಗೆ ಅದರ ಪೆಟ್ಟು ತಿನ್ನುವವರು ಇದ್ದೇ ಇರುತ್ತಾರೆ.

ಆ ನಿಯಮದ ಇಕ್ಕಟ್ಟಿಗೆ ಸಿಕ್ಕವರಲ್ಲಿ ಲೋಕಪ್ರಸಿದ್ಧನಾದವನು ಲಾಫ್‌ಕಾಡಿಯೋ ಹರ್ನ್ ಎಂಬ ಬರಹಗಾರ. 1890ರಲ್ಲಿ ಜಪಾನಿಗೆ ಬಂದು ಮಾತ್ಸುಎ ಎಂಬ ಊರಿನಲ್ಲಿ ಇಂಗ್ಲಿಷ್ ಮೇಷ್ಟರಾದ ಈತ, ಅಲ್ಲಿಯ ಸಾಮುರಾಯಿ ಮನೆತನದ ಕೊಯಿಝುಮಿ ಸೆತ್ಸುವನ್ನು ಮದುವೆಯಾದ. ಹರ್ನ್ ಬ್ರಿಟಿಷ್ ಪ್ರಜೆ. ಮದುವೆಯನ್ನು ಅವನ ಕಡೆಯ ಕಾಯದೆಯಂತೆ ದಾಖಲಿಸಿದರೆ ಹೆಂಡತಿ ಪರದೇಶಿಯಾಗುತ್ತಾಳೆ. ಪರದೇಶಿಗೆ ಜಪಾನಿನಲ್ಲಿ ನೆಲದ ಒಡೆತನವಿಲ್ಲ. ಗಂಡ ಸತ್ತರೆ ಹೆಂಡತಿ ತನ್ನ ಊರಿನಲ್ಲಿಯೇ ದಿಕ್ಕಿಲ್ಲದವಳಾಗಬೇಕು. ಹರ್ನ್ ಯೋಚಿಸಿ, 1896ರಲ್ಲಿ ಹೆಂಡತಿಯ ಮನೆತನಕ್ಕೆ ಸೇರಿ, ಕೊಯಿಝುಮಿ ಯಾಕುಮೊ ಎಂದು ಹೆಸರು ಬದಲಿಸಿ ಜಪಾನಿನ ಪ್ರಜೆಯಾದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಮನೆಯಳಿಯನಾದ. ಆತನ ಜಪಾನ್ ಪ್ರೇಮವನ್ನು ಹೊಗಳಿ ಬರೆದವರು ಬಹಳ. ಅದರ ಹಿಂದೆ ಹೆಂಡತಿ ಮಕ್ಕಳ ಆಸ್ತಿಯ ಲೆಕ್ಕವೂ ಇತ್ತೆಂಬುದನ್ನು ನೆನೆದರೆ ಆತನ ಮೇಲಣ ಗೌರವ ಹೆಚ್ಚೀತೇ ಹೊರತು ಕಡಿಮೆಯಾಗದು.

1899ರಲ್ಲಿ ಜಪಾನು ಪೌರತ್ವದ ಕಾಯದೆಯನ್ನು ಮಾಡಿದಾಗಲೂ ಈ ಹಳೆಯ ತತ್ತ್ವವನ್ನು ಬಿಡಲಿಲ್ಲ. ಆಂಗ್ಲರ ಕಾಯದೆಯೂ ಬೇರೆಯಾಗಿರಲಿಲ್ಲ: 1870ರ ಕಾಯದೆಯ ಪ್ರಕಾರ ಮದುವೆಯಾದ ಹೆಣ್ಣು ಗಂಡ ಯಾವ ದೇಶದವನೋ ಆ ದೇಶದವಳು. ಹೀಗೆ ಮೂಡಲ ಪಡುವಲ ಎರಡೂ ಒಂದೇ ಸ್ವರದಲ್ಲಿ ಮಾತನಾಡುತ್ತಿದ್ದ ಕಾಲದಲ್ಲಿ ಢಾಕಾ ನಗರದ ಒಬ್ಬ ಹುಡುಗಿ ಜಪಾನೀಯನೊಬ್ಬನನ್ನು ಮದುವೆಯಾದಳು. ಆಕೆಯ ಹೆಸರು ಹರಿಪ್ರಭಾ. ತವರು ಬ್ರಾಹ್ಮಸಮಾಜದ ಮನೆತನ. ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಠಾಕೂರರೂ, 1883ರಲ್ಲಿ ಅವರ ಮನೆಗೆ ಬಂದಿಳಿದ ತಮ್ಮ ರವೀಂದ್ರರೂ ಸೇರಿದ್ದ ಸಮಾಜವೇ ಅದು. ವರ ತಾಕೆದಾ ಎಂಬವನು, ಢಾಕಾದ ಸಾಬೂನಿನ ಕಾರಖಾನೆಯಲ್ಲಿ ಕೆಲಸಕ್ಕಿದ್ದವನು. ಜಪಾನನ್ನು ಕಂಡೇ ಇರದ ಹೆಣ್ಣು, ತನ್ನ ಊರಿನಲ್ಲಿಯೇ ಇದ್ದುಕೊಂಡು, ಜಪಾನಿನ ಪ್ರಜೆಯನ್ನು ವರಿಸಿದಳು. ಗಂಡನ ಮನೆಯನ್ನು ನೋಡಲು ಆಕೆ ಹಡಗು ಹತ್ತಿದ್ದು 1912ರಲ್ಲಿ. ಹಿಂತಿರುಗಿದ ಮೇಲೆ 1915ರಲ್ಲಿ ತನ್ನ ಪ್ರವಾಸದ ಕಥನವನ್ನು ಬಂಗಾಲಿಯಲ್ಲಿ ಅಚ್ಚು ಹಾಕಿಸಿದಳು.

ಹರಿಪ್ರಭಾ ಬರೆದದ್ದು ಅತ್ತೆಯ ಮನೆಯ ಊಟ, ಉಡುಗೆ, ನಡೆನುಡಿಗಳ ಮಾತು. ಕಾಯದೆಯ ಲೆಕ್ಕದಲ್ಲಾದರೋ, ಢಾಕಾದಲ್ಲಿ ತಾಳಿಯೋ ಉಂಗುರವೋ ಬಿದ್ದ ದಿನವೇ ಆಕೆ ಹುಟ್ಟಿದೂರಿಗೆ ಪರದೇಶಿಯಾಗಿದ್ದಳು. ಶಾಂತಿಯ ಕಾಲದಲ್ಲಿ ಇದು ಯಾರ ಕಣ್ಣಿಗೂ ಬೀಳದು. ಯುದ್ಧ ಬಂದಾಗ ಬೀಳುತ್ತದೆ. ಆಕೆ 1941ರಲ್ಲಿ ಗಂಡನೊಡನೆ ಜಪಾನಿಗೆ ಹೋದಳು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ನಿಗೂ ಜಪಾನಿಗೂ ಯುದ್ಧ ಹೊತ್ತಿತು. ಇತ್ತ ಹಿಂದುಸ್ಥಾನದಲ್ಲಿ ಸಿಕ್ಕ ಜಪಾನೀಯರನ್ನು ದೆಹಲಿಯ ಪುರಾನಾ ಕಿಲ್ಲೆಯಲ್ಲಿ, ಆಮೇಲೆ ರಾಜಪುತಾನದ ದೇವಲಿಯಲ್ಲಿ ಕೂಡಿಹಾಕಿದರು. ಅತ್ತ ಬಾಂಬು ಬೀಳುತ್ತಿದ್ದ ತೋಕಿಯೋದಲ್ಲಿ ಹರಿಪ್ರಭಾ ಆಜಾದ್ ಹಿಂದಿನ ಬಾನುಲಿಯಲ್ಲಿ ಬಂಗಾಲಿ ಸುದ್ದಿ ಓದಿದಳು. ಯುದ್ಧ ಮುಗಿದ ಮೇಲೆ ಭಾರತಕ್ಕೆ ಬಂದು, 1972ರಲ್ಲಿ ತೀರಿಕೊಂಡಳು.

ಇನ್ನೊಂದು ಲಗ್ನ ಇದಕ್ಕೆ ತದ್ವಿರುದ್ಧ. 1915ರಲ್ಲಿ ಆಂಗ್ಲರ ಪೋಲೀಸರಿಂದ ತಪ್ಪಿಸಿಕೊಂಡು ಜಪಾನು ಸೇರಿದ ರಾಶಬಿಹಾರಿ ಬೋಸರಿಗೆ, ತೋಕಿಯೋದ ನಾಕಾಮುರಾಯಾ ಎಂಬ ಬೇಕರಿಯ ಒಡೆಯರಾದ ಸೋಮಾ ದಂಪತಿಗಳು ಮನೆಯಲ್ಲಿ ಅಡಗುತಾಣ ಕೊಟ್ಟರು. 1918ರಲ್ಲಿ ಅವರ ಮಗಳು ತೊಶಿಕೊ ಬೋಸರ ಕೈಹಿಡಿದಳು. ಬಂಧುಬಳಗ ಕರೆದು ಮಾಡಿದ ಮದುವೆಯಲ್ಲ, ಗುಟ್ಟಾಗಿ ಆದದ್ದು. ಆಮೇಲೆ ಗಂಡಹೆಂಡತಿ ಮನೆಯಿಂದ ಮನೆಗೆ ಬದಲಿಸುತ್ತ ಅಡಗಿ ಬಾಳಿದರು. 1923ರಲ್ಲಿ ಬೋಸರು ಜಪಾನಿನ ಪ್ರಜೆಯಾದ ಮೇಲೆಯೇ ಆ ಭಯ ತೀರಿದ್ದು. ಅದಾಗಿ ಎರಡು ವರ್ಷಕ್ಕೆ, 1925ರಲ್ಲಿ, ಎರಡು ಮಕ್ಕಳನ್ನು ಬಿಟ್ಟು ತೊಶಿಕೊ ತೀರಿಹೋದಳು. 1927ರಲ್ಲಿ ನಾಕಾಮುರಾಯಾದಲ್ಲಿ ಬೋಸರು ಕಲಿಸಿಕೊಟ್ಟ ಹಿಂದುಸ್ಥಾನದ ಸಾರು ಅನ್ನ ಬಡಿಸಲು ತೊಡಗಿದರು. ತೋಕಿಯೋದ ಜನ ಇಂದಿಗೂ ಅದನ್ನು ಚಪ್ಪರಿಸಿ ಉಣ್ಣುತ್ತಾರೆ. ಮಗ ಜಪಾನಿನ ಸೈನಿಕನಾಗಿ 1945ರಲ್ಲಿ ಓಕಿನಾವಾ ಯುದ್ಧದಲ್ಲಿ ಮಡಿದ. ತಂದೆಯ ಪ್ರಜಾಹಕ್ಕು ಮಗನಿಗೆ ತಂದುಕೊಟ್ಟ ಪಾಲು ಅದು.

ಹಾಗಾದರೆ ಹಿಂದುಸ್ಥಾನದ ಕಾಯದೆ ಏನು ಹೇಳುತ್ತಿತ್ತು? 1872ರ ವಿಶೇಷ ವಿವಾಹದ ಕಾಯದೆಯಲ್ಲಿ ಲಗ್ನವಾಗಬೇಕಾದರೆ, ತಾವು ಹಿಂದೂಗಳಲ್ಲ, ಮುಸಲ್ಮಾನರಲ್ಲ, ಕ್ರೈಸ್ತರಲ್ಲ, ಬೌದ್ಧರಲ್ಲ ಎಂದು ಮುಂತಾಗಿ ವಧೂವರರು ಬರೆದುಕೊಡಬೇಕಾಗಿತ್ತು. ಹಿಂದೂ ವರ, ಬೌದ್ಧ ವಧು ಇಬ್ಬರೂ ತಂತಮ್ಮ ಧರ್ಮಕ್ಕೆ ಎಳ್ಳುನೀರು ಬಿಟ್ಟಲ್ಲದೆ ರುಜು ಹಾಕುವಂತಿರಲಿಲ್ಲ. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮೊಳಗೆ ಧರ್ಮ ಬಿಡದೆಯೇ ಮದುವೆಯಾಗಲು ಎಡೆಮಾಡಿತು. ಎಲ್ಲ ಧರ್ಮದವರಿಗೂ ಬಾಗಿಲು ತೆರೆದದ್ದು 1954ರ ಕಾಯದೆ.

ಯುದ್ಧಾನಂತರದ ಒಂದು ಪ್ರಸಂಗ ಕನ್ನಡನಾಡಿಗೆ ಹತ್ತಿರದ್ದು. ಸೋತ ಜಪಾನನ್ನು ಕಾಯಲು 1946ರಲ್ಲಿ ಹೋದ ಕಾಮನ್‌ವೆಲ್ತ್ ಪಡೆಯಲ್ಲಿ ಭಾರತದ ದಂಡೂ ಇತ್ತು. ಅದರ 268ನೆಯ ಬ್ರಿಗೇಡಿಗೆ ಕೊಡಗಿನ ಕೆ. ಎಸ್. ತಿಮ್ಮಯ್ಯನವರು ನಾಯಕರು. ಬೆಳಗಾವಿಯನ್ನು ನೆಲೆಯಾಗಿ ಮಾಡಿಕೊಂಡ ಮರಾಠಾ ದಳದ ಪಲ್ಟಣವೂ ಅಲ್ಲಿತ್ತು. ಭಾರತೀಯರ ಹೊಣೆಗೆ ಬಂದ ಪ್ರಾಂತಗಳಲ್ಲಿ ಶಿಮಾನೆಯೂ ಒಂದು. ಅದರ ಮುಖ್ಯ ಪಟ್ಟಣವೇ ಹರ್ನ್ ಮದುವೆಯಾದ ಮಾತ್ಸುಎ. ಅರ್ಧ ಶತಮಾನದ ಹಿಂದೆ ಬ್ರಿಟಿಷ್ ಪ್ರಜೆಯೊಬ್ಬನು ಅಳಿಯನಾಗಿ ಬಾಳಿದ ಊರಿನಲ್ಲಿ ಈಗ ಕಾಮನ್‌ವೆಲ್ತಿನ ಸಿಪಾಯಿ ಜಪಾನೀಯರ ಮನೆಯ ಹೊಸ್ತಿಲು ತುಳಿಯಬಾರದು, ಸಲಿಗೆ ಬೆಳೆಸಬಾರದು ಎಂದು ಮೇಲಿನವರ ಆಜ್ಞೆ. ಮದುವೆಯ ಮಾತಂತೂ ದೂರ. ಆಸ್ಟ್ರೇಲಿಯಾ ತನ್ನ ಸಿಪಾಯಿಗಳ ಜಪಾನೀ ಹೆಂಡಿರಿಗೆ ಬಾಗಿಲು ತೆರೆದದ್ದು 1952ರಲ್ಲಿ. ಜಪಾನೀಯರನ್ನು 1924ರಿಂದ ಹೊರಗಿಟ್ಟಿದ್ದ ಅಮೇರಿಕದ ವಲಸೆಯ ಕಾಯದೆ ಬದಲಾದದ್ದೂ ಅದೇ ವರ್ಷ.

ಅಲ್ಲಿಂದ ಮುಂದೆ ಗಾಳಿ ಬೀಸುವ ದಿಕ್ಕು ಬದಲಾಯಿತು. 1948ರಲ್ಲಿ ಬ್ರಿಟನ್ನು, 1950ರಲ್ಲಿ ಜಪಾನು ಹೊಸ ಕಾಯದೆ ಮಾಡಿ, ಮದುವೆಯಿಂದ ಹೆಣ್ಣಿನ ಪ್ರಜಾಹಕ್ಕು ತಾನಾಗಿ ಬರುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಗೊತ್ತುಮಾಡಿದವು. ಭಾರತದ 1955ರ ಪೌರತ್ವದ ಕಾಯದೆಯೂ ಹಾಗೆಯೇ ಹೇಳಿತು. ಹೆಂಡತಿಯನ್ನು ಗಂಡನ ದೇಶಕ್ಕೆ ಕಟ್ಟಿದ ಹಗ್ಗ ಹೀಗೆ ಬಿಚ್ಚಿತು.

ಆದರೆ ಮಕ್ಕಳನ್ನು ಕಟ್ಟಿದ ಹಗ್ಗ ಹಾಗೆಯೇ ಉಳಿಯಿತು. ಜಪಾನಿನ 1950ರ ಕಾಯದೆಯಲ್ಲಿ ತಂದೆ ಜಪಾನೀಯನಾದರೆ ಮಾತ್ರ ಮಗು ಜಪಾನೀಯ. ಜಪಾನಿನ ತಾಯಿ ತೋಕಿಯೋದಲ್ಲಿ ಹೆತ್ತರೂ, ತಂದೆ ಪರದೇಶದವನಾದರೆ ಮಗುವೂ ಪರದೇಶಿ. ನಮ್ಮದೂ ಹೆಮ್ಮೆಪಡುವ ಸ್ಥಿತಿಯಲ್ಲ: ಭಾರತದ ಹೆಣ್ಣು ಪರದೇಶದಲ್ಲಿ ಹೆತ್ತ ಮಗುವಿಗೆ ತಾಯಿಯ ಕಡೆಯಿಂದ ಭಾರತದ ಪೌರತ್ವ ಸಿಗುತ್ತಿರಲಿಲ್ಲ. ಭಾರತೀಯನ ಹೆಂಡತಿ ಇಲ್ಲಿ ನೋಂದಣಿಯಿಂದ ಪೌರಳಾಗಬಹುದಿತ್ತು, ಭಾರತೀಯಳ ಗಂಡನಿಗೆ ಆ ದಾರಿಯಿರಲಿಲ್ಲ. ಮಹಿಳೆಯರ ಮೇಲಣ ತಾರತಮ್ಯವನ್ನು ತೊಡೆಯುವ ಒಪ್ಪಂದವನ್ನು ವಿಶ್ವಸಂಸ್ಥೆ 1979ರಲ್ಲಿ ಅಂಗೀಕರಿಸಿತು. ಅದಕ್ಕೆ ಸಹಿ ಹಾಕಿದ ಜಪಾನು ತನ್ನ ಮನೆಯನ್ನು ಮೊದಲು ಗುಡಿಸಬೇಕಾಯಿತು. 1984ರಲ್ಲಿ ಕಾಯದೆ ತಿದ್ದಿತು. 1985ರ ಜನವರಿ 1ರಿಂದ ತಾಯಿಯಿಂದಲೂ ಮಗುವಿಗೆ ಜಪಾನಿನ ಪೌರತ್ವ ಬರುತ್ತದೆ. ಭಾರತ 1986ರಲ್ಲಿ ‘ಹೆಂಗಸರು’ ಎಂಬಲ್ಲಿ ‘ವ್ಯಕ್ತಿಗಳು’ ಎಂದು ಬರೆದು ಗಂಡಂದಿರಿಗೂ ದಾರಿ ಬಿಟ್ಟಿತು. ತಾಯಿಯ ಕಡೆಯ ಹಕ್ಕನ್ನು 1992ರ ಡಿಸೆಂಬರಿನಲ್ಲಿ ಒಪ್ಪಿತು.

ಇಂದು ಸಿಂಗಾಪುರದಲ್ಲಿರುವ ನಮ್ಮ ಹುಡುಗ ಜಪಾನಿನ ಹುಡುಗಿಯನ್ನು ವರಿಸಬೇಕಾದರೆ ದಾರಿಗಳು ಎರಡು ಮೂರಿವೆ. ಇರುವ ದೇಶದ ಕಾಯದೆಯಂತೆ ಮದುವೆಯಾಗಬಹುದು. 1969ರ ಪರದೇಶದ ವಿವಾಹಗಳ ಕಾಯದೆಯಂತೆ ಅಲ್ಲಿಯ ಭಾರತದ ರಾಯಭಾರ ಕಚೇರಿಯಲ್ಲಿ ಆಗಬಹುದು. ಊರಿಗೆ ಬಂದು 1954ರ ಕಾಯದೆಯಂತೆಯೂ ಆಗಬಹುದು. ಆದರೆ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ನೆಲೆಸಿರಬೇಕು, ನೋಟೀಸು ಕೊಟ್ಟ ಮೇಲೆ 30 ದಿನ ಆಕ್ಷೇಪಣೆಗೆ ಕಾಯಬೇಕು. ಸ್ವತಃ ಜಪಾನಿನ ನೆಲದ ಮೇಲೆ ಜಪಾನಿನ ಪ್ರಜೆಯನ್ನು ವರಿಸುವವರಿಗೆ ಮಾತ್ರ ಜಪಾನಿನ ಕಾಯದೆಯ ರೀತಿಯೊಂದೇ ದಾರಿ. ಅಲ್ಲಿ ತನ್ನ ದೇಶದ ಕಚೇರಿಯಲ್ಲಿ ಆದ ಲಗ್ನವನ್ನು ಅವರು ಒಪ್ಪುವುದಿಲ್ಲ. ಮದುವೆ ಹೊರಗೆಲ್ಲಿಯೇ ಆಗಲಿ, ಜಪಾನಿನ ಪ್ರಜೆ ಮೂರು ತಿಂಗಳೊಳಗೆ ಅದರ ದಾಖಲೆಯನ್ನು ತನ್ನ ದೇಶದ ಕಚೇರಿಗೆ ಒಪ್ಪಿಸಬೇಕು. ಹಾಗೆ ಒಪ್ಪಿಸಲಿಕ್ಕೆ ಬೆಂಗಳೂರಿನಲ್ಲಿಯೂ ಜಪಾನಿನ ಕಾನ್ಸುಲೇಟ್ ಇದೆ. ಒಪ್ಪಿಸದಿದ್ದರೆ ಲಗ್ನ ಮುರಿಯದು; ಆದರೆ ಕೊಸೆಕಿಯಲ್ಲಿ ಹುಡುಗಿ ಇನ್ನೂ ಕನ್ಯೆಯಾಗಿಯೇ ಇರುತ್ತಾಳೆ.

ಒಪ್ಪಿಸಿದಾಗಲೂ ನಮ್ಮ ಹುಡುಗನಿಗೆ ಆ ದಫ್ತರದಲ್ಲಿ ಸ್ವಂತದ ಹಾಳೆಯಿಲ್ಲ. ಹೆಂಡತಿಯ ಹಾಳೆಯಲ್ಲಿ, ಇಂಥವನನ್ನು ಮದುವೆಯಾದಳು ಎಂಬ ಒಂದು ಸಾಲಿನಲ್ಲಿ ಅವನು ಉಳಿಯುತ್ತಾನೆ. ಅವನ ಹೆಸರನ್ನು ‘ಕತಕನ’ ಲಿಪಿಯಲ್ಲಿ ಬರೆಯುವರು. ನಮ್ಮ ಕಡೆಯ ನಾಯಕ ಅಲ್ಲಿ ‘ನಾಯಕು’ ಆದಾನು. ಆದರೆ ಆ ಅಕ್ಷರಮಾಲೆ ಓದುವ ಕ್ರಮವನ್ನು ಕೇಳಿದರೆ ಅವನ ಅಜ್ಜಿಗೂ ಪರಿಚಯ ಸಿಕ್ಕೀತು: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳು ಕಲಿತ ಸಂಸ್ಕೃತದ ವರ್ಣಮಾಲೆಯಿಂದ ಬಂದ ಕ್ರಮವದು. ಇನ್ನು ಹೆಸರಿನ ವಿಷಯದಲ್ಲಿ ಒಂದು ತಮಾಷೆಯಿದೆ. ಇಬ್ಬರು ಜಪಾನೀಯರು ಮದುವೆಯಾದರೆ ಒಂದೇ ಮನೆತನದ ಹೆಸರನ್ನು ಇಟ್ಟುಕೊಳ್ಳಲೇಬೇಕೆಂದು ಅಲ್ಲಿಯ ಕಾಯದೆ. 2021ರಲ್ಲಿಯೂ ಅವರ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪರದೇಶಿಯನ್ನು ವರಿಸಿದವಳಿಗೆ ಆ ಕಟ್ಟಿಲ್ಲ. ಬೇಕಿದ್ದರೆ ಆರು ತಿಂಗಳೊಳಗೆ ಅರ್ಜಿ ಕೊಟ್ಟು ಗಂಡನ ಹೆಸರು ತೆಗೆದುಕೊಳ್ಳಬಹುದು, ಇಲ್ಲವಾದರೆ ತವರಿನ ಹೆಸರೇ ಸರಿ. ಹಿಂದೆ ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದವಳಿಗೇ ಇಂದು ಉಳಿದವರಿಗಿಂತ ಹೆಚ್ಚು ಸ್ವಾತಂತ್ರ್ಯ.

ಹೀಗೆಂದು ಎಲ್ಲವೂ ಸುಸೂತ್ರವಾಯಿತೆನ್ನುವಂತಿಲ್ಲ. ಎರಡು ದೇಶಗಳೂ ಪ್ರಾಪ್ತವಯಸ್ಕನಿಗೆ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಜಪಾನಿನ ಹೊರಗೆ ಹುಟ್ಟಿ ಇನ್ನೊಂದು ಪೌರತ್ವವನ್ನೂ ಪಡೆದ ಮಗುವಿನ ಜಪಾನಿನ ಹಕ್ಕನ್ನು ಕಾಯ್ದಿರಿಸುತ್ತೇವೆಂದು ಹುಟ್ಟಿದ ಮೂರು ತಿಂಗಳೊಳಗೆ ಬರೆದುಕೊಡದಿದ್ದರೆ, ಆ ಮಗು ಹುಟ್ಟಿನಿಂದಲೇ ಜಪಾನೀಯನಲ್ಲ. ಭಾರತದ ಕಚೇರಿಯಲ್ಲಿ ಒಂದು ವರ್ಷದೊಳಗೆ ನೋಂದಾಯಿಸಬೇಕು; ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದೂ ಬರೆದುಕೊಡಬೇಕು. ಎರಡನ್ನೂ ಪಡೆದುಕೊಂಡ ಮಗು ಪ್ರಾಪ್ತವಯಸ್ಕನಾದ ಆರು ತಿಂಗಳಲ್ಲಿ ಒಂದನ್ನು ಬಿಡದಿದ್ದರೆ ಭಾರತ ಕೈಬಿಡುತ್ತದೆ; 20 ತುಂಬುವುದರೊಳಗೆ ಆರಿಸಿಕೋ ಎಂದು ಜಪಾನು ಹೇಳುತ್ತದೆ. ಸಂಸಾರ ಒಡೆದರಂತೂ ಇನ್ನೂ ಕಠಿಣ. ಒಬ್ಬರು ಮಗುವನ್ನೆತ್ತಿಕೊಂಡು ಗಡಿ ದಾಟಿದರೆ ಹಿಂದಕ್ಕೆ ತರಿಸುವ ಹೇಗ್ ಒಪ್ಪಂದಕ್ಕೆ ಜಪಾನು 2014ರಲ್ಲಿ ಸೇರಿತು; ಭಾರತ ಸೇರಿಲ್ಲ.

ಆದ್ದರಿಂದ ಇಂಥ ಸಂಬಂಧ ಮಾಡುವ ಮನೆಗಳಿಗೆ ನಾನು ಹೇಳುವುದಿಷ್ಟೆ. ಹುಡುಗಿ ಏನು ಉಣ್ಣುತ್ತಾಳೆ, ಸೀರೆ ಉಡುತ್ತಾಳೋ ಇಲ್ಲವೋ ಎಂಬ ಚಿಂತೆ ಬೇಡ. ಅದನ್ನು ಎರಡು ಮನೆಯ ಅಡಿಗೆಯವರು ಬಗೆಹರಿಸಿಕೊಳ್ಳುತ್ತಾರೆ. ಚಿಂತೆ ಮಾಡಬೇಕಾದದ್ದು ಕಾಗದಗಳದ್ದು, ಅದರಲ್ಲೂ ಹುಟ್ಟಲಿರುವ ಮಗುವಿನದು. ಹರ್ನ್, ಹರಿಪ್ರಭಾ, ತೊಶಿಕೊ ಇವರ ಕಾಲದಲ್ಲಿ ಸರಕಾರಗಳೇ ನಿರ್ಧರಿಸಿಬಿಡುತ್ತಿದ್ದವು, ಕೇಳುವವರಿರಲಿಲ್ಲ. ಈಗ ನಿರ್ಧಾರದ ಬಹುಪಾಲು ತಂದೆತಾಯಿಗಳ ಕೈಗೆ ಬಂದಿದೆ. ಅದಕ್ಕೆ ಕೊಟ್ಟ ಅವಧಿ ಮಾತ್ರ ಚಿಕ್ಕದು. ಬಾಣಂತನದ ಗಡಿಬಿಡಿಯಲ್ಲಿ ಮೂರು ತಿಂಗಳು ಕಳೆಯುವುದು ಎಷ್ಟು ಹೊತ್ತಿನ ಮಾತು? ತೊಟ್ಟಿಲಿಗೆ ಹಾಕುವ ದಿನವನ್ನು ಗೊತ್ತುಮಾಡುವಾಗ ಈ ದಿನವನ್ನೂ ಪಂಚಾಂಗದಲ್ಲಿ ಗುರುತು ಹಾಕಿಕೊಂಡರೆ ಒಳ್ಳೆಯದು.